ಕೀಹೋಲ್ ಆಪರೇಷನ್ನೂ ಭೂತಗನ್ನಡಿಯೂ

ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಆಕೆಗಿಟ್ಟ ಹೆಸರು ಭೂತಗನ್ನಡಿ. ಹೊಲಿದು ಮುಗಿದ ಶರ್ಟು ಮೊದಲು ಆಕೆಯ ಟೇಬಲ್ಲಿಗೆ ಬರಬೇಕು. ಆಕೆ ಅದನ್ನು ಒಳಹೊರಗೆ ಮಾಡಿ, ಕಂಕುಳಿನ ಹೊಲಿಗೆ ಎಳೆದು, ಕಾಲರಿನ ತುದಿ ಉಗುರಿನಲ್ಲಿ ಕೆದಕಿ ನೋಡಿದ ಮೇಲೇ ಅದಕ್ಕೆ ಮುಕ್ತಿ. ವರ್ಷಾನುಗಟ್ಟಲೆ ಇದೇ ಕೆಲಸ ಮಾಡಿದವರ ಕಣ್ಣು ಮನೆಗೆ ಹೋದರೂ ಸುಮ್ಮನಿರುತ್ತದೆಯೇ? ಹಾಲಿನವನ ಅಳತೆ, ಪಕ್ಕದ ಮನೆಯವಳ ನಗು, ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಟ್ಟವನ ಒಳ್ಳೆಯತನ, ಯಾವುದನ್ನೂ ಆಕೆ ಮೇಲ್ನೋಟಕ್ಕೇ ನಂಬಿದವಳಲ್ಲ. ದೇವರೇ ಎದುರಿಗೆ ಬಂದು ವರ ಕೊಡುತ್ತೇನೆಂದರೂ, "ಯಾಕೆ, ಇದ್ರಲ್ಲಿ ನಿಮಗೇನು ಲಾಭ?" ಎಂದು ಕೇಳುವ ಹೆಂಗಸು.

ಇಂಥವಳ ಗಂಡನಿಗೆ ಅನ್ನನಾಳದ ಕ್ಯಾನ್ಸರ್ ಬಂತು.

ಗಂಡ ಬೇಕರಿಯವನು. ಆಕೆಯ ಅಪ್ಪ ಕಟ್ಟಿದ ಬೇಕರಿ ಅದು. ಅಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದ ಹುಡುಗ, ಯಜಮಾನನ ಮನಸ್ಸು ಗೆದ್ದು ಅಳಿಯನಾಗಿದ್ದ. ಮದುವೆಯಾದ ಹೊಸದರಲ್ಲಿ ಇಬ್ಬರೂ ಒಂದೇ ಅಂಗಡಿಯಲ್ಲಿ ಇದ್ದು ನೋಡಿದರು. ಆಕೆ ಅವನು ಸುಟ್ಟ ಪ್ರತಿಯೊಂದು ಬನ್ನನ್ನೂ ತಿರುಗಿಸಿ ನೋಡತೊಡಗಿದಾಗ, "ಅಮ್ಮಾ ತಾಯಿ, ನೀನು ಬೇರೆ ಎಲ್ಲಾದ್ರೂ ಕೆಲಸ ಹುಡುಕ್ಕೋ, ಸಂಸಾರ ಉಳಿಯುತ್ತೆ" ಎಂದು ಕೈಮುಗಿದಿದ್ದ. ಈಗ ಅವನು ಸುಟ್ಟ ಬ್ರೆಡ್ಡು ಅವನ ಗಂಟಲಲ್ಲೇ ಇಳಿಯದಾಯಿತು. ಮೊದಮೊದಲು ಟೀಯಲ್ಲಿ ಅದ್ದಿ ತಿಂದ. ಆಮೇಲೆ ಟೀ ಮಾತ್ರ ಕುಡಿದ. ಅದೂ ಎದೆಯ ಮಧ್ಯೆ ನಿಂತುಕೊಂಡಾಗ ಮಗಳು ಹಠ ಮಾಡಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಹೆಸರು ಹೇಳಿದರು. ಗಡ್ಡೆ ಕುಗ್ಗಲೆಂದು ಔಷಧಿ, ರೇಡಿಯೇಷನ್ ಎಲ್ಲ ಮುಗಿಸಿ, ಇನ್ನು ಆಪರೇಷನ್ ಆಗಲೇಬೇಕು ಅಂದರು. ಆಗದಿದ್ದರೆ ಮನುಷ್ಯ ಉಳಿಯುವುದಿಲ್ಲ. ಅಷ್ಟನ್ನು ಮಾತ್ರ ಸುತ್ತಿ ಬಳಸದೆ ಹೇಳಿದರು.

ಹಿರಿಯ ಡಾಕ್ಟರ ಕೋಣೆಯಲ್ಲಿ ಮೇಜಿನ ಮೇಲೊಂದು ಪ್ಲಾಸ್ಟಿಕ್ಕಿನ ಎದೆಗೂಡು ಇತ್ತು. ಅದರ ಮುಚ್ಚಳ ಸರಿಯಾಗಿ ಕೂರದೆ ರಬ್ಬರ್‌ಬ್ಯಾಂಡ್ ಹಾಕಿದ್ದರು. ಒಳಗೆ ಬಂದ ಕೂಡಲೇ ಆಕೆಯ ಕಣ್ಣು ಹೋದದ್ದೇ ಅದರ ಮೇಲೆ. ಬೊಂಬೆಯ ಎದೆಯನ್ನೇ ನೆಟ್ಟಗೆ ಮುಚ್ಚಲು ಬಾರದವರು!

"ನೋಡಮ್ಮಾ, ಎರಡು ದಾರಿ ಇದೆ," ಹಿರಿಯರು ಕನ್ನಡಕ ತೆಗೆದಿಟ್ಟು ಹೇಳಿದರು. "ಒಂದು, ಎದೆ ಪಕ್ಕದಲ್ಲಿ ಉದ್ದಕ್ಕೆ ಕೊಯ್ದು, ಪಕ್ಕೆಲುಬು ಅಗಲಿಸಿ, ಕೈ ಹಾಕಿ ಮಾಡೋದು. ನಾನು ಇಷ್ಟು ವರ್ಷ ಮಾಡಿರೋದು ಅದೇ. ಇನ್ನೊಂದು ಕೀಹೋಲ್. ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಒಳಗೆ ಬಿಟ್ಟು, ಪರದೆ ನೋಡ್ಕೊಂಡು ಮಾಡೋದು. ನಿಮ್ಮ ಯಜಮಾನರಿಗೆ ಕೀಹೋಲೇ ವಾಸಿ ಅನ್ಸುತ್ತೆ. ಅದಕ್ಕೆ ಪಕ್ಕದ ರೂಮಲ್ಲಿ ಡಾಕ್ಟರಮ್ಮ ಇದ್ದಾರೆ, ಅವರನ್ನ ನೋಡಿ."

ಹೊರಗೆ ಬಂದದ್ದೇ ಆಕೆ ಮಗಳ ತೋಳು ಹಿಡಿದಳು. "ಕೈಗೆ ಬಂದ ಗಿರಾಕೀನ ಪಕ್ಕದ ಅಂಗಡಿಗೆ ಕಳಿಸೋರನ್ನ ಎಲ್ಲಾದ್ರೂ ಕಂಡಿದ್ಯೇನೇ?"

"ಅಮ್ಮಾ, ಇದು ಅಂಗಡಿ ಅಲ್ಲ."

"ಎಲ್ಲಾ ಅಂಗಡೀನೇ. ಒಂದೋ ಈ ಮುದುಕಪ್ಪನಿಗೆ ಕೈ ನಡುಗುತ್ತೆ, ಇಲ್ಲಾ ಇಬ್ರೂ ಸೇರ್ಕೊಂಡಿದಾರೆ. ಇದ್ರಲ್ಲೇನೋ ಇದೆ."

"ಏನೂ ಇಲ್ಲ, ನಡಿಯೇ," ಎಂದ ಗಂಡ. ತೂಕ ಇಳಿದು ಇಳಿದು ಅವನ ಪ್ಯಾಂಟು ಬೆಲ್ಟಿನ ಕೃಪೆಯಿಂದ ನಿಂತಿತ್ತು. "ಇಬ್ರೂ ಒಳ್ಳೇವರ ಹಾಗೆ ಕಾಣ್ತಾರೆ."

"ನಿಮಗೆ ಊರಲ್ಲಿರೋರೆಲ್ಲಾ ಒಳ್ಳೇವರೇ," ಎಂದು ಆಕೆ ಮೂಗು ಮುರಿದಳು.

ಡಾಕ್ಟರಮ್ಮನಿಗೆ ಮಗಳಿಗಿಂತ ನಾಲ್ಕಾರು ವರ್ಷ ಹೆಚ್ಚಿರಬಹುದು, ಅಷ್ಟೆ. ಕಾಲಲ್ಲಿ ಓಟಗಾರರ ಬೂಟು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಗಡ್ಡೆಯ ಸಮೇತ ಅನ್ನನಾಳ ತೆಗೆಯುವುದು, ಜಠರವನ್ನೇ ಕೊಳವೆಯ ಹಾಗೆ ಮಾಡಿ ಎದೆಯೊಳಗೆ ಮೇಲಕ್ಕೆಳೆದು ಕುತ್ತಿಗೆಯ ಹತ್ತಿರ ಜೋಡಿಸಿ ಹೊಲಿಯುವುದು. ಹೊಲಿಯುವುದು ಅಂದದ್ದೇ ತಡ, ನಮ್ಮ ಭೂತಗನ್ನಡಿ ಕುರ್ಚಿ ಮುಂದಕ್ಕೆಳೆದುಕೊಂಡಳು.

"ಎರಡು ದಾರೀಲಿ ಯಾವುದು ಒಳ್ಳೇದು, ಅದನ್ನ ಹೇಳಿ."

"ಕ್ಯಾನ್ಸರ್ ವಾಪಸ್ ಬರದ ಹಾಗೆ ತೆಗೆಯೋದ್ರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಕೀಹೋಲಲ್ಲಿ ರಕ್ತ ಕಡಿಮೆ ಹೋಗುತ್ತೆ, ನೋವು ಕಡಿಮೆ. ಮುಖ್ಯವಾಗಿ ಶ್ವಾಸಕೋಶಕ್ಕೆ ತೊಂದರೆ ಕಡಿಮೆ, ನ್ಯುಮೋನಿಯಾ ಆಗೋ ಭಯ ಕಡಿಮೆ. ಬೇಗ ಎದ್ದು ಓಡಾಡಬಹುದು. ಆದ್ರೆ ಆಪರೇಷನ್‌ಗೆ ಹೊತ್ತು ಜಾಸ್ತಿ ಹಿಡಿಯುತ್ತೆ. ಮತ್ತೆ, ಜೋಡಿಸಿದ ಜಾಗ ಸೋರೋ ಅಪಾಯ ಎರಡರಲ್ಲೂ ಇದೆ."

"ಸೋರುತ್ತಾ?"

"ಕೆಲವು ಸಲ."

"ಹೊಲಿಗೆ ಹಾಕೋದು ಯಾರು?"

"ನಾನೇ."

"ಹಾಕಿದ್ಮೇಲೆ ಚೆಕ್ ಮಾಡೋರು?"

ಡಾಕ್ಟರಮ್ಮ ನಕ್ಕಳು. "ಅದೂ ನಾನೇ."

"ಹೊಲಿದೋರೇ ಚೆಕ್ ಮಾಡೋದಾ! ನಮ್ಮ ಫ್ಯಾಕ್ಟರೀಲಿ ಹಾಗೆ ಬಿಡಲ್ಲ, ಮೇಡಂ."

ಮಗಳು ನಾಚಿಕೆಯಿಂದ ಗೋಡೆ ನೋಡತೊಡಗಿದಳು. ಡಾಕ್ಟರಮ್ಮ ಮಾತ್ರ ಬೇಸರಿಸಲಿಲ್ಲ. ಸ್ಕ್ಯಾನಿನ ಚಿತ್ರವನ್ನು ಪರದೆಗೆ ತಂದು ಬಲಗಡೆ ಶ್ವಾಸಕೋಶದ ಮೇಲ್ಭಾಗ ತೋರಿಸಿದಳು. "ಇಲ್ಲೊಂದು ಹಳೇ ಕಲೆ ಇದ್ದ ಹಾಗಿದೆ. ಮುಂಚೆ ಯಾವಾಗ್ಲಾದ್ರೂ ಟಿಬಿ, ಎದೇಲಿ ನೀರು ತುಂಬೋದು, ಆ ಥರ ಏನಾದ್ರೂ ಆಗಿತ್ತಾ?"

ಗಂಡ ಏನೋ ಹೇಳಲು ಬಾಯಿ ತೆರೆದ. ನುಂಗಲಾರದವನಿಗೆ ಮಾತೂ ನಿಧಾನ. ಆಕೆಗೆ ಅಷ್ಟು ಪುರುಸೊತ್ತೆಲ್ಲಿ?

"ಟಿಬಿ? ಇವರಿಗಾ?" ಆಕೆಗೆ ನಗುವೇ ಬಂತು. "ನೆಗಡಿ ಅಂತ ಒಂದು ದಿನ ಮಲಗಿದ ಮನುಷ್ಯ ಅಲ್ಲ, ಮೇಡಂ. ಈ ಗಡ್ಡೆ ಒಂದು ಬಿಟ್ರೆ ಇವರ ಮೈ ಗಟ್ಟಿ ಕಲ್ಲು. ಕಲೆ ಅಂತೀರಲ್ಲ, ಅದು ಓವನ್ನಿನ ಹೊಗೆ ಇರಬೇಕು. ಹಳೇ ಕಾಲದ ಸೌದೆ ಓವನ್ನು ನಮ್ಮದು."

ಡಾಕ್ಟರಮ್ಮ ಅವನ ಮುಖ ನೋಡಿದಳು. "ಹೌದಾ, ಅಂಕಲ್?"

ಅವನು ತೆರೆದ ಬಾಯಿ ಮುಚ್ಚಿ, ಹೌದೆಂದು ತಲೆ ಆಡಿಸಿದ.

"ಸರಿ. ಒಳಗೆ ಹೋದಾಗ ಏನಾದ್ರೂ ಅಂಟಿಕೊಂಡಿದ್ರೆ, ಕೀಹೋಲ್ ಅಪಾಯ ಅನ್ಸಿದ್ರೆ, ಮಧ್ಯದಲ್ಲಿ ಕೊಯ್ದು ಮಾಡಬೇಕಾಗಬಹುದು. ಅದಕ್ಕೂ ನೀವು ಈಗಲೇ ಒಪ್ಪಬೇಕು."

ಸಿಕ್ಕಿತಲ್ಲ ಎಳೆ! ಹೊರಗೆ ಬಂದು ಆಕೆ ಮಗಳಿಗೆ ಲೆಕ್ಚರ್ ಕೊಟ್ಟಳು. "ನೋಡಿದ್ಯಾ? ಮೊದಲು ತೂತು ಅಂತಾರೆ, ಕೈಲಾಗದಿದ್ರೆ ಕೊಯ್ತಾರೆ. ಇವಳು ನಿಮ್ಮಪ್ಪನ ಮೇಲೆ ಕೈ ಪಳಗಿಸ್ಕೊಳ್ತಾ ಇದಾಳೆ, ಬರೆದಿಟ್ಕೋ."

ಅಷ್ಟಕ್ಕೇ ಸುಮ್ಮನಾದಳೇ? ಇಲ್ಲ. ಗಂಡನನ್ನು ರಕ್ತಪರೀಕ್ಷೆಯ ಸಾಲಿನಲ್ಲಿ ಕೂರಿಸಿ, ಇದೇ ಆಪರೇಷನ್ ಆದವರು ಎಲ್ಲಿದ್ದಾರೆಂದು ವಾರ್ಡು ವಾರ್ಡು ಅಲೆದಳು. ಸಿಕ್ಕವರು ಇಬ್ಬರು. ಒಬ್ಬರು ರಿಟೈರಾದ ಮೇಷ್ಟ್ರು, ಕೊಯ್ಸಿಕೊಂಡವರು. ಇನ್ನೊಬ್ಬ ಲಾರಿ ಡ್ರೈವರು, ಕೀಹೋಲಿನವನು. ಅಂಗಿ ಎತ್ತಿ ತೋರಿಸಿ ಅಂದಳು. ಆ ಧ್ವನಿಗೆ ಇಬ್ಬರೂ ತೆಪ್ಪಗೆ ಎತ್ತಿದರು.

ಮೇಷ್ಟ್ರ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಉದ್ದದ ಗೆರೆ. ಹೊಲಿಗೆ ನೀಟಾಗಿತ್ತು, ಅದನ್ನು ಆಕೆ ಒಪ್ಪಿದಳು. "ಚೆನ್ನಾಗೇ ಇದೀನಮ್ಮ," ಅಂದರು ಮೇಷ್ಟ್ರು. "ಆದ್ರೆ ಮಗ್ಗುಲು ಬದಲಾಯಿಸೋಕೆ ಬಹಳ ದಿನ ಒದ್ದಾಡಿದೆ. ಉಸಿರು ಎಳೆದ್ರೆ ಪ್ರಾಣ ಹೋಗೋದು." ಡ್ರೈವರಿನ ಪಕ್ಕೆಯಲ್ಲಿ ಬಟನ್‌ಹೋಲಿನಂಥ ಕೆಲವು ಕಲೆ. ಅವನು ಬೇಗ ಮನೆಗೆ ಹೋಗಿದ್ದನಂತೆ. ಆಮೇಲೆ ಕುತ್ತಿಗೆಯ ಹತ್ತಿರ ಹೊಲಿಗೆ ಸೋರಿ ಮತ್ತೆ ಬಂದು ಮಲಗಿದ್ದಾನೆ. "ವಾಸಿಯಾಗ್ತಾ ಇದೆ ಬಿಡಿ ಅಕ್ಕಾ," ಎಂದು ಅವನೇ ಆಕೆಗೆ ಧೈರ್ಯ ಹೇಳಿದ.

ಒಂದು ಪೀಸಿನಲ್ಲಿ ಒಂದು ಡಿಫೆಕ್ಟು, ಇನ್ನೊಂದರಲ್ಲಿ ಇನ್ನೊಂದು. ಯಾವುದನ್ನು ಪಾಸ್ ಮಾಡುವುದು? ಶರ್ಟಾಗಿದ್ದರೆ ಎರಡನ್ನೂ ವಾಪಸು ಎಸೆದು ಬೇರೆ ಹೊಲಿಸಿಕೊಂಡು ಬನ್ನಿ ಅನ್ನಬಹುದಿತ್ತು. ಆಕೆ ಮೆಟ್ಟಿಲ ಮೇಲೆ ಕೂತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಕೆಗೆ ಗಂಡ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಕೊನೆಗೆ ನಿರ್ಧಾರ ಮಾಡಿದವನು ಅವನೇ. "ಡಾಕ್ಟರಮ್ಮನ ಕೈಲೇ ಮಾಡಿಸ್ಕೊಳ್ತೀನಿ. ಸುಮ್ನೆ ತಲೆ ಕೆಡಿಸ್ಕೋಬೇಡ." ಯಾಕೋ ಆ ಮಾತು ಹೇಳುವಾಗ ಹೆಂಡತಿಯ ಮುಖ ನೋಡಲಿಲ್ಲ. ಭಯ ಇರಬೇಕು ಅಂದುಕೊಂಡಳು.

ಆಪರೇಷನ್ ದಿನ ತಾಯಿ ಮಗಳು ಇಬ್ಬರೂ ಥಿಯೇಟರಿನ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಮಗಳು ಫೋನು ನೋಡುತ್ತಿದ್ದಳು, ಆಕೆ ಬಾಗಿಲು ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಿರಿಯ ಡಾಕ್ಟರು ದಾಪುಗಾಲು ಹಾಕುತ್ತ ಬಂದು, ಮಾಸ್ಕಿನ ದಾರ ಕಟ್ಟಿಕೊಳ್ಳುತ್ತಲೇ ಆ ಬಾಗಿಲೊಳಗೆ ನುಗ್ಗಿದರು. ಆಕೆ ಕುರ್ಚಿ ಬಿಟ್ಟೆದ್ದಳು.

"ಮುದುಕಪ್ಪ ಯಾಕೆ ಒಳಗೆ ಹೋದ್ರು?"

"ಬೇರೆ ಯಾರದ್ದೋ ಇರಬಹುದಮ್ಮಾ."

"ಕೆಟ್ಟಿದೆ ಕಣೇ. ಅವಳ ಕೈಲಿ ಕೆಟ್ಟಿದೆ. ರಿಪೇರಿಗೆ ಕರೆಸಿದಾಳೆ."

ಸಂಜೆಗೆ ಡಾಕ್ಟರಮ್ಮ ಹೊರಗೆ ಬಂದಳು. ಟೋಪಿಯ ಎಲಾಸ್ಟಿಕ್ಕು ಹಣೆಯಲ್ಲಿ ಬರೆ ಹಾಕಿತ್ತು. "ಗಡ್ಡೆ ಪೂರ್ತಿ ಬಂದಿದೆ ಅಂದ್ಕೊಂಡಿದೀವಿ. ಹೊಟ್ಟೆ ಕಡೆಯ ಕೆಲಸ ಕೀಹೋಲಲ್ಲೇ ಆಯ್ತು. ಆದ್ರೆ ಎದೆ ಕೊಯ್ಯಬೇಕಾಯ್ತು. ಬಲಗಡೆ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡು ಕೂತಿತ್ತು. ಬಿಡಿಸೋಕೆ ಹೋದ್ರೆ ರಕ್ತ. ಸರ್‌ನ ಕರೆದು ಇಬ್ರೂ ಸೇರಿ ಮಾಡಿದ್ವಿ."

"ಗೊತ್ತಿತ್ತು ನನಗೆ!" ಆಕೆಯ ಧ್ವನಿಗೆ ಕಾರಿಡಾರಿನ ಆ ತುದಿಯಲ್ಲಿದ್ದವರೂ ತಿರುಗಿದರು. "ಮೊದಲ ದಿನವೇ ಗೊತ್ತಿತ್ತು! ಬರದಿದ್ರೆ ಬರಲ್ಲ ಅನ್ನಬೇಕಿತ್ತು. ನನ್ನ ಗಂಡನೇ ಸಿಕ್ಕಿದ್ನಾ ನಿಮಗೆ ಕಲಿಯೋಕೆ?"

"ಅಮ್ಮಾ!" ಮಗಳು ಕೈ ಜಗ್ಗಿದಳು.

ಡಾಕ್ಟರಮ್ಮ ದನಿ ಏರಿಸಲಿಲ್ಲ. "ಅಂಟಿರೋದು ಹೊಗೆಯಿಂದಲ್ಲ, ಆಂಟಿ. ಅದು ಹಳೇ ಟಿಬಿ. ಮೊದಲೇ ಗೊತ್ತಿದ್ದಿದ್ರೆ ನಾವು ಬೇರೆ ಥರ ಯೋಚನೆ ಮಾಡ್ತಿದ್ವಿ, ಸರ್ ಮೊದಲಿಂದ್ಲೇ ಇರ್ತಿದ್ರು. ನಿಜವಾಗ್ಲೂ ನಿಮಗೆ ಗೊತ್ತಿರಲಿಲ್ವಾ?"

"ಇಲ್ಲದ್ದನ್ನ ಗೊತ್ತು ಮಾಡ್ಕೊಳ್ಳೋದು ಹೇಗೆ? ನಿಮ್ಮ ತಪ್ಪು ಮುಚ್ಚೋಕೆ ಅವರಿಗೆ ರೋಗ ಅಂಟಿಸ್ತೀರಾ?"

ಡಾಕ್ಟರಮ್ಮ ತಿರುಗಿ ಒಳಗೆ ಹೋದಳು. ಉತ್ತರ ಇಲ್ಲವಲ್ಲ, ಅದಕ್ಕೇ ಹೋದಳು ಎಂದು ಆಕೆ ತೀರ್ಮಾನಿಸಿದಳು. ದೂರು ಕೊಟ್ಟೇ ಕೊಡುತ್ತೇನೆಂದು ಮಗಳ ಮುಂದೆ ಶಪಥ ಮಾಡಿದಳು. ಗಂಡ ಎದ್ದು ಕೂರಲಿ, ಆಮೇಲೆ ನೋಡಿಕೊಳ್ಳುತ್ತೇನೆ ಈ ಆಸ್ಪತ್ರೆಯನ್ನು.

ಅವನು ಎದ್ದು ಕೂರುವುದೇ ಕಷ್ಟವಾಯಿತು. ಉಸಿರಾಟದ ಮೆಷಿನ್ನಿನಿಂದ ಬಿಡಿಸಿದರು, ಐಸಿಯುವಿನಲ್ಲೇ ಕಿಟಕಿ ಪಕ್ಕದ ಮಂಚಕ್ಕೆ ತಂದರು. ಆದರೆ ಜ್ವರ ಬಿಡಲಿಲ್ಲ. ಎದೆಯೊಳಗೆ ಗೊರಗೊರ ಸದ್ದು. ಉಸಿರಿನ ವ್ಯಾಯಾಮ ಮಾಡಿಸುವ ಹುಡುಗಿ ಬಂದು ಮಡಚಿದ ದಿಂಬನ್ನು ಗಾಯದ ಮೇಲೆ ಒತ್ತಿಹಿಡಿದು, "ಕೆಮ್ಮಿ ಅಂಕಲ್, ಜೋರಾಗಿ ಕೆಮ್ಮಿ," ಅನ್ನುವಳು. ಅವನು ಕಣ್ಣು ಮುಚ್ಚಿ ಗಂಟಲು ಬಿಗಿಹಿಡಿಯುವನು. ಮುಖ ಕೆಂಪಾಗುವುದು, ಕತ್ತಿನ ನರ ಉಬ್ಬುವುದು, ಕೆಮ್ಮು ಮಾತ್ರ ಹೊರಗೆ ಬಾರದು.

"ನೋವಾಗುತ್ತೆ ಅವರಿಗೆ, ಬಿಡಮ್ಮಾ," ಎಂದು ಆಕೆ ರೇಗಿದಳು.

"ನೋವಿಗೆ ಔಷಧಿ ಹೋಗ್ತಾ ಇದೆ, ಆಂಟಿ. ಕೆಮ್ಮಲೇಬೇಕು."

ಒಂದು ಬೆಳಿಗ್ಗೆ ಹಿರಿಯ ಡಾಕ್ಟರೇ ಬಂದು ಆಕೆಯನ್ನು ಪಕ್ಕಕ್ಕೆ ಕರೆದರು. "ಕೀಹೋಲಲ್ಲೇ ಮುಗಿದಿದ್ರೆ ಇಷ್ಟು ಕಷ್ಟ ಆಗ್ತಿರಲಿಲ್ಲವೇನೋ. ಈಗ ಆಗಿದ್ದು ಆಯ್ತು. ಕಫ ಒಳಗೇ ಕೂತಿದೆ. ಇವತ್ತು ಕೆಮ್ಮಿ ತೆಗೀದಿದ್ರೆ ಮತ್ತೆ ಗಂಟಲಿಗೆ ಪೈಪು ಹಾಕಿ ಮೆಷಿನ್‌ಗೆ ಹಾಕಬೇಕು. ಒಂದು ಸಲ ಹಾಗೆ ಹಾಕಿದ್ಮೇಲೆ ವಾಪಸ್ ಬರೋದು ನಮ್ಮ ಕೈಲಿರಲ್ಲ, ತಾಯಿ."

ಆದರೂ ಆಕೆಯ ಬುದ್ಧಿ ಎಲ್ಲಿ ಬಿಡುತ್ತದೆ? ಈ ಡಾಕ್ಟರುಗಳು ಏನೋ ಒಳಗೆ ಬಿಟ್ಟು ಹೊಲಿದಿದ್ದಾರೆ, ಅದಕ್ಕೇ ನನ್ನ ಗಂಡನಿಗೆ ಕೆಮ್ಮಲಾಗುತ್ತಿಲ್ಲ ಎಂದೇ ಯೋಚಿಸುತ್ತ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಮಂಚದ ಸುತ್ತ ಪರದೆ ಎಳೆದಿತ್ತು. ಒಳಗಿನಿಂದ ಕೆಮ್ಮು ಕೇಳಿಸಿತು. ಸಣ್ಣದು, ಅರ್ಧಕ್ಕೆ ತುಂಡಾದದ್ದು, ಆದರೆ ಕೆಮ್ಮೇ. ಸಂತೋಷದಿಂದ ಪರದೆ ಸರಿಸಿದಳು. ಕೆಮ್ಮು ನಿಂತುಹೋಯಿತು.

ನೀರು ಮರೆತೆ ಎಂದು ಹೇಳಿ ಆಕೆ ಮತ್ತೆ ಹೊರಗೆ ಬಂದು ಪರದೆಯ ಮರೆಯಲ್ಲೇ ನಿಂತಳು. ಮತ್ತೆ ಕೆಮ್ಮು. ಒಳಗೆ ಕಾಲಿಟ್ಟಳು. ನಿಂತಿತು. ಅವನು ತುಟಿ ಒತ್ತಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಏನೂ ಆಗದವನ ಹಾಗೆ ಸೂರು ನೋಡುತ್ತಿದ್ದ.

ಬನ್ನು ತಿರುಗಿಸಿ ನೋಡಿದ್ದಳು, ಬನ್ನು ಸುಟ್ಟವನನ್ನಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಭೂತಗನ್ನಡಿ ಗಂಡನ ಮೇಲೆ ತಿರುಗಿತು.

ಯೋಚಿಸಿದಳು. ಇವರು ಕೆಮ್ಮಿದ್ದನ್ನು ನಾನು ಯಾವತ್ತು ಕೇಳಿದ್ದೇನೆ? ಚಳಿಯಲ್ಲಿ? ಹಿಟ್ಟಿನ ಧೂಳಲ್ಲಿ? ಒಂದು ಸಲವೂ ಇಲ್ಲ. ಮಾತಿನ ಮಧ್ಯೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ, ಓವನ್ ನೋಡಿ ಬರ್ತೀನಿ ಅನ್ನುತ್ತಿದ್ದ, ಬಚ್ಚಲ ನಲ್ಲಿ ಜೋರಾಗಿ ಬಿಡುತ್ತಿದ್ದ. ಕೆಮ್ಮೇ ಬಾರದ ಮನುಷ್ಯ ಯಾವ ಲೋಕದಲ್ಲಿರುತ್ತಾನೆ? ಇದನ್ನು ಗಟ್ಟಿ ಮೈ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ತನ್ನಂಥ ಪೆದ್ದಿ ಉಂಟೇ?

ಮಂಚದ ಅಂಚಿಗೆ ಕೂತಳು. "ಡಾಕ್ಟರಮ್ಮ ಹೇಳಿದ್ದು ನಿಜಾನಾ?"

ಅವನು ಸೂರಿನಿಂದ ಕಣ್ಣು ಕಿತ್ತು ಆಕೆಯ ಕಡೆ ತಿರುಗಿದ. ದನಿ ಹೊರಡುತ್ತಿರಲಿಲ್ಲ, ಬರೀ ಉಸಿರಲ್ಲಿ ಹೇಳಿದ. "ಬೇಕರಿಗೆ ಸೇರೋಕೆ ಮುಂಚೆ. ದೂರದ ಆಸ್ಪತ್ರೇಲಿ ಇಟ್ಟಿದ್ರು. ಔಷಧಿ ಪೂರ್ತಿ ತಗೊಂಡೆ. ವಾಸಿ ಆಯ್ತು ಅಂದ್ರು. ನಿನಗಾಗ್ಲಿ, ಮಗೂಗಾಗ್ಲಿ ಹರಡೋದು ಏನೂ ಉಳಿದಿರಲಿಲ್ಲ, ಡಾಕ್ಟರನ್ನ ಕೇಳ್ಕೊಂಡೇ ಮದುವೆಯಾದೆ."

"ನಮ್ಮಪ್ಪನಿಗೆ ಯಾಕೆ ಹೇಳಲಿಲ್ಲ?"

"ಹಿಟ್ಟಿನ ಮುಂದೆ ಕೆಮ್ಮಿದೋನನ್ನ ನಿಮ್ಮಪ್ಪ ಅವತ್ತೇ ಮನೆಗೆ ಕಳಿಸ್ತಿದ್ರು. ನಾನು ತಡೆಯೋದು ಕಲಿತೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು."

"ನಮ್ಮಪ್ಪ ಸತ್ತು ಎಷ್ಟು ಕಾಲ ಆಯ್ತು! ಡಾಕ್ಟರು ಕೇಳಿದಾಗ ಬಾಯಲ್ಲಿ ಏನು ಕಡುಬಿತ್ತಾ?"

"ಹೇಳೋಕೆ ಹೋದೆ. ನೀನೇ ಹೇಳಿಬಿಟ್ಟೆ."

ಆಕೆ ಹೊದಿಕೆಯ ಅಂಚಿನ ಹೊಲಿಗೆಯನ್ನು ಉಗುರಿನಲ್ಲಿ ಕೆದಕತೊಡಗಿದಳು.

"ಆಮೇಲಾದ್ರೂ ಹೇಳಬಹುದಿತ್ತು," ಅವನು ಒಂದೊಂದೇ ಮಾತು ಎಳೆದು ತಂದ. "ರಾತ್ರಿಯೆಲ್ಲಾ ಯೋಚನೆ ಮಾಡಿದೆ. ಈ ಭೂಮಿ ಮೇಲೆ ನೀನು ತಿರುಗಿಸಿ ನೋಡದೆ ನಂಬಿರೋದು ನನ್ನೊಬ್ಬನ್ನ. ಅದನ್ನ ಕಳ್ಕೊಳ್ಳೋಕೆ ಮನಸ್ಸು ಬರಲಿಲ್ಲ ಕಣೇ. ಎದೆ ಕೊಯ್ದ್ರೆ ಕೊಯ್ಕೊಳ್ಳಲಿ ಅಂದ್ಕೊಂಡೆ."

ಆಕೆಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡಕ್ಕೂ ನಳಿಕೆಗಳು ಅಡ್ಡವಿದ್ದವು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಈ ಮನುಷ್ಯ ತನ್ನ ಪಕ್ಕದಲ್ಲೇ ಉಸಿರು ಬಿಗಿಹಿಡಿದು ಮಲಗಿದ್ದನಲ್ಲ ಎಂಬ ಸಿಟ್ಟು. ಹಾಗೆ ಮಲಗಿಸಿದವಳು ತಾನೇ ಅಲ್ಲವೇ ಎಂಬ ಸಂಕಟ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ವ್ಯಾಯಾಮದ ಹುಡುಗಿ ಬಿಟ್ಟುಹೋದ ದಿಂಬನ್ನು ಎತ್ತಿಕೊಂಡು ಅವನ ಪಕ್ಕೆಯ ಗಾಯದ ಮೇಲೆ ಎರಡೂ ಕೈಯಿಂದ ಒತ್ತಿಹಿಡಿದಳು.

"ಕೆಮ್ಮಿ."

"ನೀನು ಆಚೆ ಹೋಗು. ಕೆಮ್ತೀನಿ."

"ಹೋಗಲ್ಲ. ನಿಮ್ಮನ್ನ ಇನ್ಮೇಲೆ ನಂಬ್ತೀನೋ ಇಲ್ವೋ ಮನೆಗೆ ಹೋದ್ಮೇಲೆ ನೋಡೋಣ. ಮನೆಗೆ ಬರಬೇಕು ನೀವು. ಇಲ್ಲೇ, ನನ್ನ ಮುಂದೇನೇ ಕೆಮ್ಮಿ."

ಅವನು ತಲೆ ಅಲ್ಲಾಡಿಸಿದ. ಗಂಟಲು ಬಿಗಿಯಿತು, ತುಟಿ ಬಿಗಿಯಿತು. ಆಕೆ ಬಗ್ಗಿ ಮುಖಕ್ಕೆ ಮುಖ ಕೊಟ್ಟು ನಿಂತಳು, ಪಕ್ಕಕ್ಕೆ ತಿರುಗಿಸಿಕೊಳ್ಳಲು ಜಾಗವಿಲ್ಲದ ಹಾಗೆ. ಅವನ ಎದೆ ಒಂದು ಸಲ ಎಗರಿತು. ತಡೆದ. ಮತ್ತೆ ಎಗರಿತು. ಆಮೇಲೆ ಅವನ ಕೈ ಮೀರಿ, ಅಷ್ಟು ವರ್ಷಗಳ ಕೆಮ್ಮು ಆಕೆಯ ಮುಖದ ಮೇಲೇ ಸಿಡಿಯಿತು. ಮಂಚ ಅಲುಗಾಡಿತು, ಯಾವುದೋ ಯಂತ್ರ ಕೂಗಿಕೊಂಡಿತು, ನರ್ಸು ಓಡಿಬಂದು ಪರದೆ ಸರಿಸಿ ಹಾಗೇ ನಿಂತಳು. ಆಕೆ ಒಂದು ಕೈಯಲ್ಲಿ ದಿಂಬು ಒತ್ತಿಹಿಡಿದೇ, ಇನ್ನೊಂದರಲ್ಲಿ ಬಟ್ಟಲು ಹಿಡಿದು ಅವನ ಬಾಯಿಯ ಕಫ ತೆಗೆದಳು. ಅವನು ಮಗುವಿನ ಹಾಗೆ ಬಿಕ್ಕುತ್ತಿದ್ದ.

ಆಕೆ ಅವನ ಎದೆಗೆ ಕಿವಿಯಿಟ್ಟು ಕೇಳಿದಳು.

"ಇನ್ನೂ ಇದೆ ಒಳಗೆ," ಅಂದಳು. "ಕೆಮ್ಮಿ."